ತೊಟ್ಟಿಕ್ಕುವ ಮುಚ್ಚಳ

ತೊಂಬತ್ತರ ದಶಕದ ಕೊನೆಯ ವರ್ಷಗಳು. ಬೈಲಹೊಂಗಲದ ಪೇಟೆಯಲ್ಲಿ ನನ್ನದೊಂದು ತಗಡಿನ ಅಂಗಡಿ ಇತ್ತು. ಮದುವೆಗೆ ಟ್ರಂಕು, ಜೋಳ ತುಂಬಿಡುವ ಡಬ್ಬಿ, ಬೆಲ್ಲ ಮಾಡುವವರಿಗೆ ಉದ್ದ ಹಿಡಿಕೆಯ ಸೌಟು, ಇಂಥವನ್ನು ಬಡಿದು ಮಾರುತ್ತಿದ್ದೆ. ಅಪ್ಪ ಬೇಗ ಹೋದದ್ದರಿಂದ ತಂಗಿಯರ ಮದುವೆಯಾಗುವತನಕ ನನ್ನ ಮದುವೆಯ ಮಾತು ಬಂದಿರಲಿಲ್ಲ. ಬಂದಾಗ ಮೂವತ್ತು ದಾಟಿತ್ತು. ಮನೆಯಲ್ಲಿ ನಾನು ಮತ್ತು ಅವ್ವ, ಇಬ್ಬರೇ.

ಒಂದು ಸಂತೆಯ ದಿನ ಆಕೆ ಬಂದಳು. ಕಿತ್ತೂರಿನಿಂದ ಬಸ್ಸಿಗೆ ಬಂದಿದ್ದಳು. ಬಗಲಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ತಳ ಹೊತ್ತಿ ಕರಕಲಾದ ಒಂದು ದಪ್ಪ ಬೋಗುಣಿ. ಎಷ್ಟು ತಿಕ್ಕಿದ್ದರೂ ಮಾಂಸದ ವಾಸನೆ ಹೋಗಿರಲಿಲ್ಲ.

"ಅಣ್ಣಾರ, ಇದರಾಗ ಖಂಡ ಇಟ್ಟು ಸುಟ್ಟರ ಒಣಾ ಕಟಗಿ ಆಗತೈತ್ರಿ. ನೀರ ಹಾಕಿದ್ರ ಸಾರ ಆಗತೈತಿ. ಎರಡೂ ಆಗದಂಥಾದ್ದೊಂದು ಭಾಂಡೆ ಮಾಡಿ ಕೊಡ್ತೀರೇನ್ರಿ?"

"ಅಕ್ಕಾರ, ನಮ್ಮದು ಲಿಂಗ ಕಟ್ಟಿದ ಮನಿ. ನಾ ಖಂಡದ ಮಾರಿ ನೋಡಿದಾಂವ ಅಲ್ಲ. ನನಗೇನ ತಿಳೀತೈತ್ರಿ ಇದು?"

"ನಿಮಗ ತಿನ್ನಾಕ ಹೇಳಾಕತ್ತಿಲ್ರಿ. ತಗಡ ಬಡ್ಯಾಕ ಹೇಳಾಕತ್ತೇನಿ."

ನಗು ಬಂತು. ಆಕೆ ನಗಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತು ಸಂಗತಿ ಹೇಳಿದಳು. ಆಕೆಯ ತಂದೆ ಮಿಲಿಟರಿಯಲ್ಲಿ ಅಡಿಗೆಯವನಾಗಿದ್ದ. ಹಿಮ ಬೀಳುವ ಊರುಗಳಲ್ಲಿ ಸಾಹೇಬರ ಮೆಸ್ಸಿಗೆ ಆಡಿನ ಇಡೀ ತೊಡೆಯನ್ನು ಗೂಡಿನಂಥ ಒಲೆಯಲ್ಲಿಟ್ಟು ರೋಸ್ಟ್ ಮಾಡುತ್ತಿದ್ದ. ನಿವೃತ್ತಿಯಾಗಿ ಬಂದು ಕಿತ್ತೂರಿನ ಹೈವೇ ಪಕ್ಕ ಖಾರದ ಮಾಂಸದಡಿಗೆಯ ಸಾವಜಿ ಖಾನಾವಳಿ ಹಾಕಿದ. ಗಂಡ ತೀರಿದ ಮೇಲೆ ಆಕೆ ತಂದೆಯ ಹತ್ತಿರವೇ ಬಂದು ಒಲೆಯ ಮುಂದೆ ನಿಂತಿದ್ದಳು. ಈಗ ಮುದುಕನಿಗೆ ಹಲ್ಲು ಉಳಿದಿಲ್ಲ. ಆದರೆ ಆ ರೋಸ್ಟ್ ಇನ್ನೊಮ್ಮೆ ತಿನ್ನಬೇಕೆಂಬ ಆಸೆ ಉಳಿದಿದೆ. ಒಣಗಿದರೆ ಅಗಿಯಲಾರ, ಕುದಿಸಿ ಕೊಟ್ಟರೆ ತಾಟು ಸರಿಸಿಬಿಡುತ್ತಾನೆ.

"ಬಾಯಿ ಬಿಟ್ಟು ಏನೂ ಕೇಳದ ಮನಶಾ ಅಂವ," ಅಂದಳು. "ಇದೊಂದ ಕೇಳ್ಯಾನ."

ಮಾಡಿ ನೋಡುತ್ತೇನೆ ಎಂದೆ. ಆಕೆ ಹೋದ ಮೇಲೆ ಬಹಳ ಹೊತ್ತು ಆ ಕರಕಲು ಬೋಗುಣಿ ಹಿಡಿದುಕೊಂಡು ಕೂತಿದ್ದೆ.

ಮೊದಲು ಮಾಡಿದ್ದು ಸುಲಭದ್ದು. ದಪ್ಪ ಕಬ್ಬಿಣದ ತಗಡಿನ ಉದ್ದನೆಯ ತಟ್ಟೆ, ಮಾಂಸ ತಳಕ್ಕೆ ತಾಗದಂತೆ ಅದರೊಳಗೆ ಕಾಲಿರುವ ಒಂದು ಜಾಳಿಗೆ, ಮೇಲೆ ಬಿಗಿಯಾಗಿ ಕೂಡುವ ಉಬ್ಬು ಮುಚ್ಚಳ. ಸತು ಬಳಿದ ತಗಡು ಬೆಂಕಿಗೆ ಆಗದೆಂದು ಬರಿ ಕಬ್ಬಿಣದ ಕರಿ ತಗಡೇ ತಂದಿದ್ದೆ. ತೆಗೆದುಕೊಂಡು ಕಿತ್ತೂರಿಗೆ ಹೋದೆ. ಖಾನಾವಳಿಯ ಹಿಂದೆ ಕೆಂಡದ ಒಲೆ, ಅದರ ಪಕ್ಕ ಹೊರಸಿನ ಮೇಲೆ ಮುದುಕ. ಒಲೆಯಿಂದ ಇಳಿಸಿ ಮುಚ್ಚಳ ತೆಗೆದಾಗ ಆತ ಒಂದು ಕಡ್ಡಿಯಿಂದ ಮಾಂಸವನ್ನು ಚುಚ್ಚಿದ.

"ತಮ್ಮಾ, ಅಂಚ ಹಸಿ ಐತಿ, ನಡಬರಕ ಒಣಗೇತಿ."

ಹೌದು. ಉಗಿ ಮುಚ್ಚಳಕ್ಕೆ ತಾಗಿ ನೀರಾಗುತ್ತಿತ್ತು, ಆ ನೀರು ಮುಚ್ಚಳದ ಒಳಮೈ ಹಿಡಿದು ಅಂಚಿಗೆ ಹರಿದು ಅಲ್ಲೇ ಇಳಿಯುತ್ತಿತ್ತು. ಮಾಂಸದ ನಡುಭಾಗದ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ.

ತಿನ್ನದವನು ಪರೀಕ್ಷೆ ಮಾಡುವುದು ಹೇಗೆ? ಮನೆಯ ಹಿತ್ತಲಲ್ಲಿ ಒಲೆ ಹಚ್ಚಿ, ತಟ್ಟೆಯಲ್ಲಿ ನೀರು ಹಾಕಿ, ಜಾಳಿಗೆಯ ಮೇಲೆ ಒಂದು ಅಗಲ ತಾಟಿನಲ್ಲಿ ಜೋಳದ ಹಿಟ್ಟು ತೆಳ್ಳಗೆ ಹರವಿಟ್ಟು ಮುಚ್ಚಿದೆ. ಹನಿ ಬಿದ್ದಲ್ಲೆಲ್ಲ ಹಿಟ್ಟಿನಲ್ಲಿ ಗುಳಿ ಬೀಳುತ್ತಿತ್ತು. ತೆಗೆದು ನೋಡಿದರೆ ಸುತ್ತ ಅಂಚಿಗಷ್ಟೇ ಗುಳಿ, ನಡುವೆ ಹಿಟ್ಟು ಹರವಿದ ಹಾಗೆಯೇ.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಹಿಟ್ಟ ಯಾಕ ಹಾಳ ಮಾಡ್ತಿ?"

"ಕಿತ್ತೂರದಾಗಿನ ಖಾನಾವಳಿ ಕೆಲಸ ಬೇ, ಅವ್ವಾ."

ಅವ್ವ ಒಳಗೆ ಹೋದಳು.

ಎರಡನೆಯ ಮುಚ್ಚಳವನ್ನು ನಡುವೆ ಒಳಕ್ಕೆ ತಗ್ಗಾಗಿಸಿದೆ. ಆಗ ನೀರೆಲ್ಲ ನಡುವೆ ಸೇರಿ ಒಂದೇ ಕಡೆ ಸುರಿಯಿತು, ಹಿಟ್ಟಿನಲ್ಲಿ ಒಂದೇ ಹೊಂಡ. ಹನಿ ಎಲ್ಲಿ ತಗ್ಗು ಕಂಡರೂ ಅಲ್ಲಿಂದಲೇ ಬೀಳುತ್ತದೆ ಎಂದು ಹೊಳೆದದ್ದು ಆವಾಗ. ಹಾಗಾದರೆ ಮುಚ್ಚಳದ ತುಂಬ ತಗ್ಗುಗಳನ್ನೇ ಮಾಡಿದರೆ? ಮೊಂಡು ಉಳಿ ಹಿಡಿದು, ತಗಡು ತೂತಾಗದಂತೆ, ಮೇಲಿನಿಂದ ಒಳಕ್ಕೆ ಗುಳಿ ಗುಳಿ ಬಡಿದೆ. ಕೆಳಗಿನಿಂದ ನೋಡಿದರೆ ಹಾಗಲಕಾಯಿಯ ಸಿಪ್ಪೆಯ ಹಾಗೆ ಕಾಣುತ್ತಿತ್ತು. ಮತ್ತೆ ಹಿಟ್ಟು ಹರವಿದೆ. ಮುಚ್ಚಳ ತೆಗೆದಾಗ ಹಿಟ್ಟಿನ ತುಂಬ ಗುಳಿಗಳು, ಮೊದಲ ಮಳೆ ಬಿದ್ದ ಅಂಗಳದ ಹಾಗೆ. ಅಂಗಡಿ ತೆರೆಯುವುದನ್ನೂ ಬಿಟ್ಟು ಆ ದಿನವೇ ಕಿತ್ತೂರಿನ ಬಸ್ಸು ಹತ್ತಿದೆ.

ಮಾಂಸ ಮೆತ್ತಗಾಯಿತು. ಆಕೆ ಒಂದು ಎಳೆ ಹರಿದು ಬೆರಳಿನಲ್ಲಿ ಒತ್ತಿ ರಸ ತೋರಿಸಿದಳು. ನಾನು ರಸ ನೋಡಬೇಕಾಗಿತ್ತು, ಬೆರಳು ನೋಡಿದೆ. ಸುಟ್ಟ ಕಲೆಗಳಿದ್ದ ಉದ್ದ ಬೆರಳುಗಳು.

ಮುದುಕ ಮಾತ್ರ ಒಪ್ಪಲಿಲ್ಲ. "ಇದು ಬೇಯಿಸಿದ್ದು. ರೋಸ್ಟ್ ಅಂದ್ರ ಮ್ಯಾಲ ಕೆಂಪಗ ಆಗಿರಬೇಕು, ಒಳಗ ರಸ ಇರಬೇಕು."

ಮೇಲೆ ಕೆಂಪಾಗಬೇಕಾದರೆ ಮುಚ್ಚಳದ ಮೇಲೆ ಕೆಂಡ ಬೇಕು. ಕೆಂಡ ಇಟ್ಟರೆ ಮುಚ್ಚಳ ಕಾದು ಉಗಿ ನೀರಾಗುವುದಿಲ್ಲ, ಹನಿ ಬೀಳುವುದಿಲ್ಲ. ಹನಿ ಬೀಳಬೇಕಾದರೆ ಮುಚ್ಚಳ ತಣ್ಣಗಿರಬೇಕು. ಈ ಎರಡರ ನಡುವೆ ಸಿಕ್ಕಿಕೊಂಡು ಆ ಚಳಿಗಾಲವೆಲ್ಲ ಕಳೆದೆ. ಅಂಚಿಗಷ್ಟೇ ಕೆಂಡ ಇಟ್ಟು ನೋಡಿದೆವು. ಮೇಲೊಂದು ಎರಡನೆಯ ತಗಡು ಜೋಡಿಸಿ ನೋಡಿದೆವು. ಪ್ರತಿ ಸಲವೂ ಏನಾದರೊಂದು ಕೆಡುತ್ತಿತ್ತು, ಪ್ರತಿ ಸಲವೂ ನಾನು ಮತ್ತೆ ಬರುತ್ತೇನೆಂದು ಹೇಳಿ ಏಳುತ್ತಿದ್ದೆ. ಹಾಗೆ ಹೇಳುವಾಗ ಬೇಸರವಾಗುತ್ತಿರಲಿಲ್ಲ. ಕೆಲಸ ಬೇಗ ಮುಗಿಯದಿರಲಿ ಎಂದು ನಾನು ಮನಸ್ಸಿನಲ್ಲಿ ಬಯಸತೊಡಗಿದ್ದೆ.

ಮಧ್ಯಾಹ್ನದ ಊಟದ ಗದ್ದಲ ಮುಗಿದು, ಲಾರಿಯವರೆಲ್ಲ ಎದ್ದುಹೋದ ಮೇಲೆ ಖಾನಾವಳಿ ಖಾಲಿಯಾಗುತ್ತಿತ್ತು. ಆಗ ಆಕೆ ನನಗಾಗಿ ಬೇರೆಯಾಗಿ ತೆಗೆದಿಟ್ಟ ಸಣ್ಣ ಬೋಗುಣಿಯಲ್ಲಿ ಚಹಾ ಕಾಸಿ ಕೊಡುತ್ತಿದ್ದಳು. ಮಾತೆಲ್ಲ ತಗಡು, ಕೆಂಡ, ಹನಿಯದೇ. ಯಾವಾಗ ಎಂದು ನೆನಪಿಲ್ಲ, ಆಕೆ ನನ್ನನ್ನು ಅಣ್ಣಾರ ಅನ್ನುವುದನ್ನು ಬಿಟ್ಟು ಮೇಸ್ತ್ರಿಯಾರ ಅನ್ನತೊಡಗಿದಳು. ನಾನೂ ಅಕ್ಕಾರ ಅನ್ನುವುದನ್ನು ಬಿಟ್ಟೆ. ಅದರ ಬದಲಿಗೆ ಏನು ಅನ್ನಬೇಕೆಂದು ತಿಳಿಯದೆ, ಹೆಸರಿಲ್ಲದೆಯೇ ಮಾತಾಡಿಸುತ್ತಿದ್ದೆ.

ತೊಡಕು ಬಿಡಿಸಿದ್ದು ಆಕೆ. ಆ ಹೊತ್ತಿಗೆ ನಾನು ಮುಚ್ಚಳದ ಸುತ್ತ ಎತ್ತರದ ಅಂಚು ಕಟ್ಟಿ ತಾಟಿನ ಹಾಗೆ ಮಾಡಿದ್ದೆ. ಮೇಲೆ ತಣ್ಣೀರು ನಿಲ್ಲಿಸಿದರೆ ಹನಿ ಜೋರಾಗಿ ಬೀಳುತ್ತಿತ್ತು. ಮಾಂಸ ಬೆಂದ ಮೇಲೆ ಆಕೆ ಬಟ್ಟೆ ಹಿಡಿದು ಮುಚ್ಚಳವನ್ನು ಎತ್ತಿದಳು, ಮೇಲಿನ ನೀರನ್ನು ಚೆಲ್ಲಿದಳು, ಮತ್ತೆ ಮುಚ್ಚಿ ಒಲೆಯಿಂದ ಕೆಂಡ ಬಾಚಿ ಅದೇ ತಗ್ಗಿನಲ್ಲಿ ಸುರಿದಳು.

"ಏನ್ ಮಾಡಾಕತ್ತೀರಿ?" ಎಂದೆ.

"ಮೊದಲ ನೀರ, ಆಮ್ಯಾಲೆ ಬೆಂಕಿ. ಎರಡೂ ಒಂದ ಹೊತ್ತಿನಾಗ ಯಾಕ ಬೇಕ್ರಿ?"

ಮುದುಕನ ಮುಂದೆ ತಾಟು ಇಟ್ಟಳು. ಮೇಲೆ ಇಟ್ಟಿಗೆಯ ಬಣ್ಣ, ಬೆರಳಿನಿಂದ ಮುರಿದರೆ ಒಳಗೆ ರಸ. ಆತ ಬಾಯಿಗಿಟ್ಟುಕೊಂಡು ಒಸಡಿನಲ್ಲಿ ನಿಧಾನವಾಗಿ ಒತ್ತಿದ. ನಾವಿಬ್ಬರೂ ನಿಂತೇ ಇದ್ದೆವು. ಎರಡನೆಯ ತುಂಡು ತೆಗೆದುಕೊಂಡ. ಆಮೇಲೆ ಯಾವುದೋ ಬೆಟ್ಟದ ಮೆಸ್ಸಿನ ಮಾತು ತೆಗೆದ. ಅಲ್ಲಿ ಬೆಳಿಗ್ಗೆ ಬಾಗಿಲು ತೆರೆಯಲು ಹಿಮ ಬಾಚಬೇಕಾಗಿತ್ತಂತೆ, ಇಡೀ ಪಾಳ್ಯಕ್ಕೆ ಇವನ ಒಲೆಯೊಂದೇ ಬೆಚ್ಚಗಿರುತ್ತಿತ್ತಂತೆ, ಸಾಹೇಬರೂ ಜವಾನರೂ ಕೈ ಕಾಯಿಸಲು ಅಲ್ಲೇ ಬಂದು ನಿಲ್ಲುತ್ತಿದ್ದರಂತೆ. ಹೇಳುತ್ತ ಹೇಳುತ್ತ ತಾಟು ಖಾಲಿ ಮಾಡಿದ. ಕೊನೆಗೆ ಕೈ ತೊಳೆದುಕೊಂಡು, "ತಮ್ಮಾ, ಉಪ್ಪ ಸ್ವಲ್ಪ ಕಡಿಮಿ ಆಗೇತಿ," ಅಂದ.

ಆಕೆ ಗೋಡೆಯ ಕಡೆ ತಿರುಗಿ ನಿಂತಳು. ಹೆಗಲು ಅಲುಗುತ್ತಿದ್ದವು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕಾಣಲಿಲ್ಲ.

ಕೆಲಸ ಮುಗಿದರೂ ನಾನು ಹೋಗುವುದು ನಿಲ್ಲಲಿಲ್ಲ. ಹಿಡಿಕೆ ಸಡಿಲವಾಗಿದೆಯೇ ನೋಡಲು, ಜಾಳಿಗೆಯ ಕಾಲು ತಿದ್ದಲು, ಹೀಗೇ ಏನಾದರೊಂದು. ಆ ರೋಸ್ಟಿಗಾಗಿಯೇ ಹೈವೇಯಲ್ಲಿ ಕಾರು ನಿಲ್ಲಿಸುವವರೂ ಬರತೊಡಗಿದರು. ನೇಸರಗಿಯಿಂದ ಒಬ್ಬರು ಹೋಟೆಲಿನವರು ಬಂದು ಅಂಥದೇ ಭಾಂಡೆ ಮಾಡಿಸಿಕೊಂಡು ಹೋದರು. ನನ್ನ ಅಂಗಡಿಗೆ ಹೆಸರು ಬಂತು. ಇವೆಲ್ಲವನ್ನೂ ಹೋಗಿ ಆಕೆಗೆ ಹೇಳುವುದೇ ನನಗೆ ಸಂತೋಷವಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಮುದುಕ ಹೊರಸಿನ ಮೇಲೆಯೇ, ಮಧ್ಯಾಹ್ನದ ನಿದ್ದೆಯಲ್ಲಿ ತೀರಿಹೋದ. ಅದಾಗಿ ಸ್ವಲ್ಪ ಕಾಲದಲ್ಲಿ ಹೈವೇ ಅಗಲ ಮಾಡುವ ಕೆಲಸ ಬಂತು. ಖಾನಾವಳಿಯ ಮುಂಭಾಗವೆಲ್ಲ ರಸ್ತೆಗೆ ಹೋಗುವುದಿತ್ತು. ಉಳಿಯುವ ಹಿಂದಿನ ಕೋಣೆ ಒಲೆ ಹಾಕಲು ಸಾಕಾಗುತ್ತಿತ್ತು, ಜನ ಕೂಡಲು ಅಲ್ಲ. ರಾಮದುರ್ಗದಲ್ಲಿ ಆಕೆಯ ಸೋದರಮಾವನ ಖಾನಾವಳಿ ಇತ್ತು. ಆತನಿಗೂ ವಯಸ್ಸಾಗಿತ್ತು, ನೀನೇ ಬಂದು ನಡೆಸು ಎಂದು ಹೇಳಿ ಕಳಿಸಿದ್ದ.

ಸಾಮಾನು ಹೇರಿದ ಟೆಂಪೊ ಬೈಲಹೊಂಗಲದ ಮೇಲೆಯೇ ಹೋಗಬೇಕಾಗಿತ್ತು. ನಾನು ಅಂಗಡಿ ಮುಚ್ಚಿ, ಸವದತ್ತಿಯವರೆಗೆ ಬರುತ್ತೇನೆಂದು ಹತ್ತಿದೆ. ಡ್ರೈವರನ ಪಕ್ಕ ಆಕೆ, ಆಕೆಯ ಪಕ್ಕ ನಾನು. ಸವದತ್ತಿಯಲ್ಲಿ ಡ್ರೈವರ ಊಟಕ್ಕೆ ಹೋದ. ನಾವು ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಕೂತೆವು. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ:

"ಹೋಗಬ್ಯಾಡ್ರಿ. ನಮ್ಮ ಮನಿಗೆ ಬರ್ರಿ. ಅವ್ವಗ ನಾ ಹೇಳತೇನಿ."

ಆಕೆ ಆಶ್ಚರ್ಯಪಡಲಿಲ್ಲ. ಕಪ್ಪು ಕೆಳಗಿಟ್ಟಳು.

"ಹೇಳತೀರಿ. ಒಂದ ದಿನ ಅವರೂ ಹೂಂ ಅಂತಾರ. ಆಮ್ಯಾಲೆ ನನ್ನ ಒಲಿ ಎಲ್ಲಿ ಹಚ್ಚಲ್ರಿ?"

"ಬ್ಯಾರೆ ಮನಿ ಮಾಡೂಣು. ನಾನೂ ತಿನ್ನಾಕ ಕಲೀತೇನಿ."

"ನನ್ನ ಸಲುವಾಗಿ ತಿಂದ್ರ ನಿಮಗ ರುಚಿ ಹತ್ತೂದಿಲ್ಲ. ನಿಮ್ಮ ಸಲುವಾಗಿ ನಾ ಬಿಟ್ರ ನನಗ ಕೈ ಕಟ್ಟಿದಂಗ ಆಗತೈತಿ. ಅಪ್ಪ ನನಗ ಕೊಟ್ಟಿದ್ದ ಇದೊಂದ, ಮೇಸ್ತ್ರಿಯಾರ." ಕಪ್ಪನ್ನು ಪಕ್ಕಕ್ಕೆ ಸರಿಸಿ, "ನೀವು ಕೇಳಿದ್ರಲಾ, ನನಗ ಅಷ್ಟ ಸಾಕು. ಯಾರೂ ಕೇಳಿದ್ದಿಲ್ಲ," ಅಂದಳು.

ಡ್ರೈವರ ಬಂದ. ಟೆಂಪೊ ಹೊರಟಿತು. ಹಿಂದೆ ಕಟ್ಟಿದ ಸಾಮಾನಿನ ನಡುವೆ ಹೊರಸಿನ ಕಾಲುಗಳು ಮೇಲಕ್ಕೆ ಚಾಚಿಕೊಂಡಿದ್ದವು. ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಬೈಲಹೊಂಗಲದ ಬಸ್ಸಿಗೆ ನಿಂತೆ.

ಮರುವರ್ಷ ನನ್ನ ಮದುವೆಯಾಯಿತು. ಹೆಂಡತಿ ದೊಡವಾಡದವಳು. ಒಳ್ಳೆಯವಳು, ನಗುಮುಖದವಳು. ಮದುವೆಯಾದ ಹೊಸತರಲ್ಲೇ ಇದನ್ನೆಲ್ಲ ಅವಳಿಗೆ ಹೇಳಿದೆ. ಕೇಳಿಕೊಂಡು, "ನಿಮಗ ಈಗೂ ನೆನಪ ಆಗತೈತೇನು?" ಅಂದಳು. ಆಗುತ್ತದೆ ಎಂದೆ. ಆಮೇಲೆ ಅವಳು ಅದನ್ನು ಎಂದೂ ಎತ್ತಿ ಆಡಲಿಲ್ಲ. ಮಕ್ಕಳಾದವು. ಅವ್ವ ಮೊಮ್ಮಕ್ಕಳನ್ನು ಎತ್ತಿಕೊಂಡು ಸಮಾಧಾನದಿಂದ ಹೋದಳು. ಬಾಳು ಚೆನ್ನಾಗಿಯೇ ಇತ್ತು. ಆದರೂ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿಗೆ, ಆ ಖಾಲಿ ಖಾನಾವಳಿಯ ಹೊಗೆಯೂ ಬಿಸಿಲೂ ಕಲೆತ ಬೆಳಕು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಸುತ್ತಿಗೆ ಕೈಯಲ್ಲೇ ಇರುತ್ತಿತ್ತು.

ಕೆಲವು ವರ್ಷಗಳ ಮೇಲೆ ರಾಮದುರ್ಗದ ಒಬ್ಬ ಕಾಳಿನ ವ್ಯಾಪಾರಿಗೆ ದೊಡ್ಡ ಡಬ್ಬಿಗಳನ್ನು ಜೋಡಿಸಿಕೊಡುವ ಕೆಲಸ ಬಂತು. ಮುಗಿಸಿ, ಆಕೆ ಎಲ್ಲಿದ್ದಾಳೆಂದು ಕೇಳಿಕೊಂಡು ಹೋದೆ. ಖಾನಾವಳಿ ದೊಡ್ಡದಾಗಿತ್ತು, ಕೆಲಸಕ್ಕೆ ಇಬ್ಬರು ಹೆಂಗಸರಿದ್ದರು. ಆಕೆಯ ಮುಂದಲೆ ಬೆಳ್ಳಗಾಗಿತ್ತು. ನನ್ನನ್ನು ಕಂಡು ಕೈ ಒರೆಸಿಕೊಳ್ಳುತ್ತ ಎದ್ದು ಬಂದಳು.

"ಬರ್ರಿ, ಕುಂದರ್ರಿ. ಮಕ್ಕಳು ಎಷ್ಟ ಮಂದಿ?"

ಹೇಳಿದೆ. ಹುಡುಗಿ ಇದ್ದಾಳೆಂದು ಕೇಳಿ ಸಂತೋಷಪಟ್ಟಳು. ಒಲೆಯ ಮೇಲೆ ನನ್ನ ತಟ್ಟೆಯೇ ಇತ್ತು. ಮುಚ್ಚಳ ಮಾತ್ರ ನನ್ನದಲ್ಲ. ಗುಳಿಗಳು ಒಂದೊಂದು ಒಂದೊಂದು ಅಳತೆ, ಸಾಲು ಸೊಟ್ಟ. ನಾನು ನೋಡುತ್ತಿದ್ದುದನ್ನು ಆಕೆ ಕಂಡಳು.

"ಅದು ತೂತ ಬಿದ್ದಿತ್ರಿ. ಇಲ್ಲೇ ಒಬ್ಬ ಮೇಸ್ತ್ರಿ ಬಡದು ಕೊಟ್ಟಾನ."

"ಹನಿ ಸರಿ ಬೀಳತಾವೇನು?"

"ಬೀಳತಾವ್ರಿ."

ಅದಕ್ಕಿಂತ ಹೆಚ್ಚು ನೋಯಿಸುವಂಥ ಮಾತನ್ನು ಆ ದಿನ ಯಾರೂ ಆಡಲಿಲ್ಲ. ಹೊಸದು ಬಡಿದು ಕಳಿಸುತ್ತೇನೆ ಎನ್ನಬೇಕೆನಿಸಿತು. ಇದ್ದ ಮುಚ್ಚಳದಿಂದಲೇ ಕೆಲಸ ನಡೆಯುತ್ತಿರುವಾಗ ಹಾಗೆ ಅನ್ನುವುದು ತಪ್ಪೆನಿಸಿ ಊಟಕ್ಕೆ ಕೂತೆ. ಆಕೆ ಬೇರೆ ಒಲೆಯ ಮೇಲೆ ರೊಟ್ಟಿ ಬೇಯಿಸಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಹಾಕಿ ಕೊಟ್ಟಳು. ಉಣ್ಣುವಾಗ ಎದುರಿಗೆ ಕೂತಿದ್ದಳು. ತಂದೆಯ ಮಾತು ಬಂತು, ಆತನ ಕೊನೆಯ ಬೇಸಿಗೆಯ ಮಾತು ಬಂತು. ಸವದತ್ತಿಯ ಮಾತು ಬರಲಿಲ್ಲ. ಹೊರಡುವಾಗ ಓಣಿಯ ಮೂಲೆಯವರೆಗೆ ಬಂದಳು.

"ಮಗಳನ್ನ ಕರಕೊಂಡ ಬರ್ರಿ ಒಮ್ಮೆ."

"ಬರತೇನಿ," ಎಂದೆ.

ಹೋಗಲಿಲ್ಲ. ಹೋಗಬಾರದೆಂದೇನೂ ಅಲ್ಲ. ಹೋಗಬೇಕೆಂದುಕೊಂಡ ವರ್ಷಗಳಲ್ಲಿ ಹುಡುಗಿಯ ಸಾಲೆ, ಅಂಗಡಿಯ ಕೆಲಸ, ಏನೇನೋ ಅಡ್ಡ ಬಂದವು. ಆಮೇಲೆ ಆ ಖಾನಾವಳಿ ಅಲ್ಲಿಲ್ಲವೆಂದು ಯಾರೋ ಹೇಳಿದರು. ಎಲ್ಲಿಗೆ ಹೋದಳೆಂದು ಅವರಿಗೂ ಗೊತ್ತಿರಲಿಲ್ಲ. ರಾಮದುರ್ಗದ ಬಸ್ಸು ದಿನಾ ನನ್ನ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ. ನಾನು ತಲೆ ಎತ್ತಿ ಅದರ ಬೋರ್ಡು ಓದುತ್ತೇನೆ. ಬಸ್ಸು ದಾಟಿದ ಮೇಲೆ ಧೂಳು ಇಳಿಯಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಕೆಲಸಕ್ಕೆ ಹತ್ತುತ್ತೇನೆ.