ಐಸ್‌ಕ್ರೀಂ ಕಡೆಯ ನೆಂಟ

ಚಿಕ್ಕಹನುಮಯ್ಯನ ಸಾಮ್ರಾಜ್ಯ ಒಂದು ಮೇಜಿನಷ್ಟು ದೊಡ್ಡದು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಯಾವ ಕಲ್ಯಾಣ ಮಂಟಪವಾದರೂ ಸರಿ, ಕೈತೊಳೆಯುವ ನಲ್ಲಿಗೂ ಬೀಡಾ ತಟ್ಟೆಗೂ ನಡುವೆ ಅದರ ಸ್ಥಾಪನೆಯಾಗುತ್ತಿತ್ತು. ಎಡಕ್ಕೆ ವೆನಿಲಾ ಐಸ್‌ಕ್ರೀಮಿನ ಡಬ್ಬ. ಬಲಕ್ಕೆ ಸ್ಟೀಲ್ ಬಟ್ಟಲುಗಳ ಚತುರಂಗ ಸೇನೆ: ಕೆಂಪು, ಹಸಿರು, ಹಳದಿ ಟೂಟಿ ಫ್ರೂಟಿ, ಗುಲ್ಕನ್, ಜೇನುತುಪ್ಪ, ಮುಟ್ಟಿದರೆ ನಡುಗುವ ಜೆಲ್ಲಿ. ಚೆರ್ರಿ ಮಾತ್ರ ಮೇಜಿನ ಕೆಳಗೆ, ಅಂತಃಪುರದಲ್ಲಿ. ಅದು ಬೀಗರಿಗಷ್ಟೇ ದರ್ಶನ ಕೊಡುತ್ತಿತ್ತು. ಹುಲಿಯೂರುದುರ್ಗದಲ್ಲಿ ಒಮ್ಮೆ ಹೆಣ್ಣಿನ ಚಿಕ್ಕಪ್ಪನಿಗೆ ಅಪ್ಪಿತಪ್ಪಿ ಚೆರ್ರಿ ಬಿದ್ದು, ಗಂಡಿನ ಸೋದರಮಾವನಿಗೆ ಬೀಳದೆ ಹೋಗಿ, ತಾಳಿ ಕಟ್ಟಿ ಆಗಿದ್ದ ಮದುವೆಯೇ ಮುರಿದುಬೀಳುವುದರಲ್ಲಿತ್ತು. ಅಂದಿನಿಂದ ಆತ ಚಾಚಿದ ಕಪ್ಪು ನೋಡುವ ಮುಂಚೆ ಹೆಗಲ ಮೇಲಿನ ಶಾಲು ನೋಡುತ್ತಿದ್ದ.

ಟೂಟಿ ಫ್ರೂಟಿ ಎಂದರೆ ಪರಂಗಿಕಾಯಿ ಎಂಬ ರಾಜರಹಸ್ಯ ಬಲ್ಲವರು ಕಡಿಮೆ. ಚಿಕ್ಕಹನುಮಯ್ಯ ತುಮಕೂರಿನ ಗುಬ್ಬಿ ಗೇಟಿನ ತನ್ನ ಒಂಟಿ ಕೋಣೆಯಲ್ಲಿ ಕಾಯಿ ಹೆಚ್ಚಿ, ಸಕ್ಕರೆ ಪಾಕದಲ್ಲಿ ಬೇಯಿಸಿ, ಬಣ್ಣ ಕಟ್ಟಿ, ತಾರಸಿಯ ಮೇಲೆ ಒಣಗಿಸುತ್ತಿದ್ದ. ಕಾಗೆಗಳ ಮೇಲೆ ಆತ ಹೂಡಿದ ಯುದ್ಧಗಳನ್ನು ಹಾಡಲು ಕವಿಗಳಿರಲಿಲ್ಲ, ಅಷ್ಟೇ. ಮನೆಯಲ್ಲಿ ಕೇಳುವವರೂ ಇರಲಿಲ್ಲ. ತನ್ನದೊಂದು ಬಿಟ್ಟು ಊರವರ ಮದುವೆಗಳಿಗೆಲ್ಲ ಹೋಗಿದ್ದಾನೆ. ಆದರೆ ಒಂದಕ್ಕೂ ಯಾರೂ ಕರೆದದ್ದಿಲ್ಲ.

ಈಚೆಗೆ ಮದುವೆಮನೆಗಳಿಗೆ ಚಾಕೊಲೇಟ್ ಸಾಸಿನ ಬಾಟಲಿ ಬಂತು. ತಣ್ಣನೆ ಕಲ್ಲಿನ ಮೇಲೆ ಐಸ್‌ಕ್ರೀಮನ್ನು ದೋಸೆಯಂತೆ ಹೆರೆದು, ಬಿಸ್ಕತ್ತಿನ ಪುಡಿ ಉದುರಿಸುವ ಟೋಪಿಯ ಹುಡುಗರು ಬಂದರು. ಊಟದ ಕಂಟ್ರಾಕ್ಟರ್ ರೇವಣಸಿದ್ದಯ್ಯ ಫೋನ್ ಮಾಡುವುದು ಅಪರೂಪವಾಯಿತು. ಲಗ್ನದ ದಿನಗಳಲ್ಲೂ ಸಾಮ್ರಾಟರು ಕೋಣೆಯಲ್ಲಿ ಕುಳಿತು ಬಟ್ಟಲು ಒರೆಸುವಂತಾಯಿತು.

ಹೀಗಿರುವಾಗ ಗಂಗಲಕ್ಷ್ಮಮ್ಮ ಬಂದಳು. ಗುಬ್ಬಿಯ ಮಂಟಪದಲ್ಲಿ ಎಂಜಲೆಲೆ ಎತ್ತುವವಳು. ಕೆಲಸ ಮುಗಿದ ಮೇಲೆ ಬಟ್ಟಲುಗಳ ತಳದಲ್ಲಿ ಉಳಿದದ್ದನ್ನೆಲ್ಲ ಬಳಿದು ಚಿಕ್ಕಹನುಮಯ್ಯ ಅವಳಿಗೊಂದು ಕಪ್ಪು ಕಟ್ಟಿಕೊಡುವುದು ವರ್ಷಗಳ ರೂಢಿ. ಈಗ ಅವಳ ಕೈಯಲ್ಲಿ ಕುಂಕುಮದ ಭರಣಿ, ಮಗಳು ಪ್ರಮೀಳಾಳ ಲಗ್ನಪತ್ರಿಕೆ.

"ಕುಣಿಗಲ್ನಾಗೆ ಮದ್ವೆ. ಕೆಲ್ಸಕ್ಕಲ್ಲ ಕಣಣ್ಣ, ನೆಂಟ್ರಂಗೆ ಬರ್ಬೇಕು. ಬಟ್ಲು ಗಿಟ್ಲು ಹೊತ್ಕಂಡ್ ಬಂದ್ರೆ ಬಾಗ್ಲಲ್ಲೇ ತಡೀತೀನಿ."

"ಮತ್ತೆ ಐಸ್‌ಕ್ರೀಂ ತಾವ ಯಾರವ್ವ?"

"ಅಡಿಗೆಯವ್ರು ಯಾರೋ ನಿಂತ್ಕತಾರೆ ಬುಡಣ್ಣ. ನೀವು ಕೂತ್ಕಂಡ್ ಉಣ್ಬೇಕು."

ಪತ್ರಿಕೆಯಲ್ಲಿ 'ಕುಟುಂಬ ಸಮೇತರಾಗಿ' ಎಂದಿತ್ತು. ಅವಳು ಹೋದ ಮೇಲೆ ಚಿಕ್ಕಹನುಮಯ್ಯ ಸುತ್ತ ನೋಡಿದ. ಸ್ಟೋವು, ಚಾಪೆ, ಹಗ್ಗದ ಮೇಲೊಂದು ಬನಿಯನ್ನು. ಬನಿಯನ್ನನ್ನು ಅಂಗಿಯೊಳಗೆ ಕರೆದುಕೊಂಡು ಹೋಗಬಹುದು; ಮಿಕ್ಕವರು ಮನೆ ಕಾಯಲಿ ಎಂದು ತೀರ್ಮಾನಿಸಿದ.

ಮದುವೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಸ್ಸು ಹತ್ತಿದ. ಒಂದೇ ಒಂದು ದಿನ ನೆಂಟನಾಗಿರಬೇಕು, ಇನ್ನೇನೂ ಬೇಡ. ಮಂಟಪದಲ್ಲಿ ಅರ್ಧ ಜನ ಗುರುತಿನವರೇ: ಈ ಜರತಾರಿ ಪಂಚೆಗೆ ಜೇನುತುಪ್ಪ, ಆ ಕನ್ನಡಕಕ್ಕೆ ಜೆಲ್ಲಿ ಬೇಡ. ಆದರೆ ಮೇಜಿಲ್ಲದ ಚಿಕ್ಕಹನುಮಯ್ಯನನ್ನು ಒಬ್ಬರೂ ಗುರುತಿಸಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ತೊಡೆಯ ಕೆಳಗಿಟ್ಟುಕೊಂಡು ಕುಳಿತ.

ಪಕ್ಕದ ಕುರ್ಚಿಯ ಶಾಲಿನವರು ಕೇಳಿದರು: "ಗಂಡಿನ ಕಡೇರಾ, ಹೆಣ್ಣಿನ ಕಡೇರಾ?"

"ಐಸ್‌ಕ್ರೀಂ ಕಡೆಯವ್ನು ಸ್ವಾಮಿ." ಬಾಯಿ ತಪ್ಪಿ ಬಂದುಬಿಟ್ಟಿತು.

ಶಾಲಿನವರು ಅರ್ಧ ನಕ್ಕು, ಮೊಬೈಲ್ ತೆಗೆದು ಅದರೊಳಗೆ ಇಳಿದುಹೋದರು.

ಗಂಗಲಕ್ಷ್ಮಮ್ಮನೇ ಬಂದು ರಟ್ಟೆ ಹಿಡಿದು ಮೊದಲ ಪಂಕ್ತಿಗೆ ಕೂರಿಸಿದಳು. ಹೋಳಿಗೆ ಬಂತು, ಮೇಲೆ ತುಪ್ಪ ಬಂತು, "ಇನ್ನೊಂದ್ ಹಾಕುಸ್ಕಳಿ" ಎಂಬ ಬಲವಂತವೂ ಬಂತು. ಬಲಗಡೆಯ ಹೆಂಗಸು ಎಡಗಡೆಯ ಹೆಂಗಸಿನೊಂದಿಗೆ ಆತನನ್ನು ದಾಟಿ ಮಾತಾಡುತ್ತಿದ್ದಳು. ಮಾತಿಗೆ ಅಡ್ಡವಾಗಬಾರದೆಂದು ಚಿಕ್ಕಹನುಮಯ್ಯ ಬಗ್ಗಿ ಬಗ್ಗಿ ಉಂಡ.

ಕೈತೊಳೆದು ಹೊರಬಂದರೆ ಐಸ್‌ಕ್ರೀಂ ಮೇಜಿನ ಬಳಿ ಮಹಾಯುದ್ಧ. ನಿಲ್ಲಬೇಕಿದ್ದ ಅಡಿಗೆಯ ಶಿವಮೂರ್ತಿ ಎರಡನೇ ಪಂಕ್ತಿಗೆ ಬಡಿಸಲು ಓಡಿದ್ದ. ಹಸಿರು ಟೂಟಿ ಫ್ರೂಟಿ ಗುಲ್ಕನ್ನಿನಲ್ಲಿ ಹುದುಗಿತ್ತು, ಯಾರೋ ಜೇನುತುಪ್ಪಕ್ಕೆ ಸಾರಿನ ಸೌಟು ಇಳಿಸಿದ್ದರು. ಚಿಕ್ಕಹನುಮಯ್ಯ ಎರಡೂ ಕೈಗಳನ್ನು ಜೇಬಿನಲ್ಲಿ ಬಂಧಿಸಿದ. ನೆಂಟ ಸೌಟು ಮುಟ್ಟಿದರೆ ನೆಂಟಸ್ತಿಕೆ ಅಲ್ಲಿಗೆ ಮುಗಿಯಿತು.

ಬೊಚ್ಚುಬಾಯಿಯ ಅಜ್ಜಿಯೊಬ್ಬಳು ದಿಟ್ಟಿಸಿ ನೋಡಿದಳು. "ಏನ್ಲಾ, ನಮ್ ಮೊಮ್ಮಗಳ್ ಮದ್ವೇಲಿ ಐಸ್‌ಕ್ರೀಂ ಹಾಕ್ದೋನು ನೀನೇ ಅಲ್ವಾ? ಹಲ್ಲಿಲ್ಲ ಅಂತ ಗುಲ್ಕನ್ ಜಾಸ್ತಿ ಹಾಕಿದ್ದೆ. ದೇವ್ರಂಗೆ ನಿಂತವ್ನೆ ನೋಡು! ಹಾಕ್ ಬಾರ್ಲಾ!"

ಕೈಗಳು ತಾವಾಗಿಯೇ ಜೇಬಿನಿಂದ ಹೊರಬಂದವು. ಆತ ಮೇಜಿನ ಹಿಂದೆ ಹೋದ. ಸಾಲು ಕಟ್ಟಿತು.

"ಅಣ್ಣ, ಕೆಂಪು ಇನ್ನೊಂಚೂರು," ಎಂದ ಒಬ್ಬ ಹುಡುಗ.

"ಕೆಂಪೂ ಹಸ್ರೂ ಒಂದೇ ರುಚಿ ಕಣೋ."

"ಆದ್ರೂ ಕೆಂಪು!"

"ತಾತ, ಶುಗರ್ ಐತಾ?" ಎಂದು ಹಿಂದೆ ನಿಂತಿದ್ದ ಮುದುಕನನ್ನು ಕೇಳಿದ.

"ನಿಮ್ಮಜ್ಜಿ ಅತ್ಲಾಗ್ ತಿರುಗಿದಾಗ ಇಲ್ಲ. ಬೇಗ ಹಾಕು."

ಶಾಲಿನವರೂ ಕಪ್ಪು ಚಾಚಿದರು. "ಅರೆರೆ, ನೀವಾ! ಆಗ್ಲೇ ಹೇಳ್ಬಾರ್ದಾ!"

ಅಷ್ಟರಲ್ಲಿ ಗಂಗಲಕ್ಷ್ಮಮ್ಮ ನುಗ್ಗಿ ಬಂದು ಸೌಟು ಕಿತ್ತುಕೊಂಡಳು. ಕಣ್ಣು ಕೆಂಪಾಗಿತ್ತು. "ನಾನೇನ್ ಹೇಳಿದ್ದೆ ಅಣ್ಣ? ಬಿಟ್ಟಿ ಕೆಲ್ಸಕ್ಕೆ ಕರ್ದೆ ಅನ್ನಲ್ವಾ ಜನ? ನೆಂಟ್ರು ನೀವು. ಹೋಗಿ ಕೂತ್ಕಳಿ."

"ಕೊಡವ್ವ," ಎಂದ ಚಿಕ್ಕಹನುಮಯ್ಯ ಮೆಲ್ಲಗೆ. "ಆ ಕುರ್ಚಿ ಮ್ಯಾಲೆ ಕೂತಿದ್ದಾಗ ಯಾರೂ ಮಾತಾಡುಸ್ಲಿಲ್ಲ."

ಅವಳು ಮಂಟಪದ ಕುರ್ಚಿಗಳ ಕಡೆ ನೋಡಿದಳು, ಆತನ ಬಿಳಿ ಅಂಗಿಯ ಮೇಲೆ ಬಿದ್ದಿದ್ದ ಗುಲ್ಕನ್ ಕಲೆ ನೋಡಿದಳು. ವೇದಿಕೆಯಿಂದ ಯಾರೋ ಕೂಗಿದರು. ಸೌಟನ್ನು ಆತನ ಕೈಗೇ ಕೊಟ್ಟು ಹೋದಳು.

ಕೊನೆಯ ಪಂಕ್ತಿ ಎದ್ದ ಮೇಲೆ ಅಡಿಗೆಮನೆಯ ಹಿಂದೆ, ಮಗುಚಿಟ್ಟ ಕೊಪ್ಪರಿಗೆಗಳ ನಡುವೆ, ಶಿವಮೂರ್ತಿಯ ತಂಡ ಎಲೆ ಹಾಸಿಕೊಂಡು ಕುಳಿತಿತ್ತು. ಒಬ್ಬರನ್ನೊಬ್ಬರು ಬೈದುಕೊಂಡು ನಗುತ್ತಿದ್ದರು.

"ಹನುಮಣ್ಣ, ಉಂಡ್ಯಾ?"

ಎರಡು ಹೋಳಿಗೆ ಗಂಟಲವರೆಗೆ ನಿಂತಿದ್ದವು.

"ಎಲ್ಲೀದು, ಇನ್ನೂ ಇಲ್ಲ ಕಣ್ರಪ್ಪ," ಎಂದ ಚಿಕ್ಕಹನುಮಯ್ಯ. "ಸ್ವಲ್ಪ ಸರೀರೋ ಅತ್ಲಾಗೆ."