ಹೆಬ್ಬೆರಳೆತ್ತಿದ ಮಾಸ್ತರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕಳೆದ ವರ್ಷ ಕೆಲವು ತಿಂಗಳು ನಮ್ಮ ಹತ್ತನೇ ವರ್ಗದ ಗಣಿತವನ್ನು ನೋಡಿಕೊಂಡದ್ದು ನಾನಲ್ಲ, ನನ್ನ ಬಲಗೈ ಹೆಬ್ಬೆರಳು.

ಚಿಕ್ಕೇರೂರಿನಿಂದ ತುಸು ಆಚೆಗಿರುವ ನಮ್ಮ ಹೈಸ್ಕೂಲಿನ ಗ್ರಂಥಾಲಯಕ್ಕೆ ಹನ್ನೆರಡು ಟ್ಯಾಬ್ಲೆಟ್‌ಗಳು ಬಂದವು. ಗ್ರಂಥಾಲಯವೆಂದರೆ ಎರಡು ಕಪಾಟು, ಒಂದು ಉದ್ದನೆಯ ಮೇಜು. ಬಂದ ದಿನವೇ ಅವಕ್ಕೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಕಪಾಟಿನಲ್ಲಿಟ್ಟು ಕೀಲಿ ಹಾಕಿದೆವು. ಒಡೆದರೆ ಯಾರು ಜವಾಬ್ದಾರರು ಎನ್ನುವುದು ಇತ್ಯರ್ಥವಾಗುವವರೆಗೆ ಅವು ದೇವರ ಹಾಗೆ ಒಳಗೇ ಕೂತವು. ಕೊನೆಗೆ ಹೆಡ್‌ಮಾಸ್ತರರು ಕೀಲಿಯನ್ನು ನನಗೆ ಕೊಟ್ಟರು. ಗಣಿತದವನಾದ್ದರಿಂದ ಹನ್ನೆರಡರವರೆಗೆ ಎಣಿಸಲು ಬರುತ್ತದೆ ಎಂಬುದೇ ನನ್ನ ಅರ್ಹತೆ.

ನಾನೊಂದು ಪದ್ಧತಿ ಮಾಡಿದೆ. ಕೊನೆಯ ಅವಧಿಯಲ್ಲಿ ಮಕ್ಕಳು ಅಲ್ಲಿ ಕುಳಿತು ಲೆಕ್ಕ ಬಿಡಿಸುವುದು, ವಹಿಯ ಪುಟದ ಫೋಟೋ ತೆಗೆದು ನನ್ನ ಮೊಬೈಲಿಗೆ ಕಳಿಸುವುದು, ನಾನು ತಿದ್ದುವುದು. ಎರಡು ವಾರ ತಿದ್ದಿದೆ. ಆಮೇಲೆ ಮೊಬೈಲಿನಲ್ಲಿ 'ಭೇಷ್' ಎನ್ನಲು ಒತ್ತುವ ಹಳದಿ ಹೆಬ್ಬೆರಳಿನ ಚಿತ್ರ ಕಣ್ಣಿಗೆ ಬಿತ್ತು. ಒತ್ತಿದರೆ ಮುಗಿಯಿತು, ಮಗುವಿಗೂ ಖುಷಿ, ಮಾಸ್ತರನಿಗೂ ಬಿಡುವು. ಸವಣೂರಿನ ಸಹೋದ್ಯೋಗಿ ತಂದ ಖಾರಾ ಎಡಗೈಯಲ್ಲಿ ಹಿಡಿದು ಮೆಲ್ಲುತ್ತ, ಬಲಗೈಯಿಂದ ಇಡೀ ವರ್ಗವನ್ನು ಪಾಸು ಮಾಡುತ್ತಿದ್ದೆ.

ನಮ್ಮ ಮುತ್ಯಾನಿಗೆ ಸಹಿ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವ ಮುನ್ನ ಕಾಗದವನ್ನು ಯಾರಿಂದಲಾದರೂ ಎರಡು ಸಲ ಓದಿಸಿ ಕೇಳುತ್ತಿದ್ದ. ಮೊಮ್ಮಗ ಎಂ.ಎಸ್ಸಿ., ಬಿ.ಎಡ್. ಮಾಡಿದವನು, ಓದುವ ತಾಪತ್ರಯವನ್ನೇ ಇಟ್ಟುಕೊಳ್ಳಲಿಲ್ಲ.

ಒಂದು ದಿನ ಮೊಬೈಲು ಇನ್ನು ಜಾಗವಿಲ್ಲವೆಂದು ಮುಷ್ಕರ ಹೂಡಿತು. ಹಳೆಯ ಫೋಟೋ ಅಳಿಸುತ್ತ ಕುಳಿತಾಗ ರೇಣುಕಾ ಎಂಬ ಹುಡುಗಿಯ ಪುಟ ಬಂತು. ಮತ್ತೆ ಅದೇ ಪುಟ, ಮೂಲೆಯಲ್ಲಿ ಅದೇ ಎಣ್ಣೆಯ ಕಲೆ. ಒಂಬತ್ತು ದಿನ ಒಂದೇ ಪುಟ, ಒಂಬತ್ತಕ್ಕೂ ನನ್ನ ಹೆಬ್ಬೆರಳು! ಸಿಟ್ಟು ನೆತ್ತಿಗೇರಿತು. ಗ್ರಂಥಾಲಯಕ್ಕೆ ಹೋದೆ. ಉಳಿದವರು ಆಗಲೇ ಫೋಟೋ ಕಳಿಸಿ ಅಂಗಳಕ್ಕೆ ಹೋಗಿದ್ದರು, ಆಕೆ ಮೇಜಿನ ತುದಿಯಲ್ಲಿ ಒಬ್ಬಳೇ ಕುಳಿತಿದ್ದಳು.

"ಏನವಾ ರೇಣುಕಾ, ನನ್ನ ಕಣ್ಣಾಗ ಮಣ್ಣು ಹಾಕಾಕತ್ತೀಯೇನು?"

"ಇಲ್ರೀ ಸರ," ಎಂದು ಎದ್ದು ನಿಂತಳು. "ಆ ಲೆಕ್ಕ ತಪ್ಪೈತ್ರಿ, ಪುಸ್ತಕದ ಕೊನೀಗಿರೋ ಉತ್ತರ ಬರೂದಿಲ್ಲ. ಎಲ್ಲಿ ತಪ್ಪೈತಿ ಅಂತ ನನಗ ತಿಳಿಯವಲ್ದು. ನೀವು ತಪ್ಪು ಅಂದ್ರ ಕೇಳಬೇಕು ಅಂತ ದಿನಾ ಕಳಿಸಿದೆ. ನೀವು ದಿನಾ ಹೆಬ್ಬಟ್ಟು ತೋರಿಸಿದ್ರಿ."

ನನ್ನ ಸಿಟ್ಟು ಎತ್ತ ಹೋಯಿತೋ ತಿಳಿಯಲಿಲ್ಲ. ಆದರೂ ಮಾಸ್ತರನಲ್ಲವೇ, ಸೋಲಬಾರದು. "ವರ್ಗದಾಗ ಕೇಳಬಾರದಿತ್ತೇನು?" ಎಂದೆ.

"ವರ್ಗದಾಗ ನೀವು 'ತಿಳೀತ?' ಅಂತೀರಿ. ಎಲ್ಲಾರೂ 'ತಿಳೀತ್ರೀ ಸರ' ಅಂತಾರ. ನಾನೂ ಅಂತೇನ್ರಿ. ಒಬ್ಬಾಕಿನ ಇಲ್ಲ ಅಂದ್ರ ಎಲ್ಲಾರೂ ಹೊಳ್ಳಿ ನೋಡ್ತಾರ್ರಿ." ಸ್ವಲ್ಪ ತಡೆದು ಸೇರಿಸಿದಳು: "ಗಣಿತದಾಗ ಪಾಸಾದ್ರ ಹಿರೇಕೆರೂರಿನ ಕಾಲೇಜಿಗೆ ಕಳಸ್ತೇನಿ, ಇಲ್ಲಂದ್ರ ಸಾಲಿ ಸಾಕು ಅಂದಾನ್ರಿ ನಮ್ಮಪ್ಪ."

ನಾಚಿಕೆಯಾಯಿತು. ನಾನು ಒಂದೊಂದು ಕ್ಷಣದಲ್ಲಿ ಮುಗಿಸಿ ಬಿಸಾಡಿದ ಒಂಬತ್ತು ದಿನಗಳು ಆಕೆಯ ಪಾಲಿಗೆ ಕಾಲೇಜಿನ ದಾರಿಯಿಂದ ಕಳೆದುಹೋದ ದಿನಗಳು. ಯಂತ್ರದ ತಪ್ಪೇನೂ ಇರಲಿಲ್ಲ, ಪಾಪ. ನಲವತ್ತು ಜನರೆದುರು ಬಾಯಿ ಬಿಡಲಾರದ ಹುಡುಗಿಯ ಪ್ರಶ್ನೆಯನ್ನು ಅದು ಚಾಚೂ ತಪ್ಪದೆ ನನಗೆ ಮುಟ್ಟಿಸಿತ್ತು.

ಪಕ್ಕದಲ್ಲಿ ಕುಳಿತು ಪೆನ್ಸಿಲ್ ತೆಗೆದುಕೊಂಡೆ. ತಪ್ಪು ಸಣ್ಣದು: ಕಂಸ ಬಿಡಿಸುವಾಗ ಹೊರಗಿನ ಮೈನಸ್ಸು ಒಳಗಿನ ಎರಡನೆಯ ಸಂಖ್ಯೆಯ ಚಿಹ್ನೆಯನ್ನೂ ಬದಲಿಸಬೇಕು, ಆಕೆ ಮೊದಲನೆಯದನ್ನಷ್ಟೇ ಬದಲಿಸಿದ್ದಳು. ಬಿಡಿಸಿ ತೋರಿಸಿದೆ. ಶಾಲೆ ಬಿಡುವ ಗಂಟೆಯೂ ಹೊಡೆಯಿತು. ಏಳುತ್ತ, ರೂಢಿಯಂತೆ ಕೇಳಿಬಿಟ್ಟೆ: "ತಿಳೀತ?"

ಆಕೆ ಪುಟ ನೋಡಿದಳು, ಬಾಗಿಲು ನೋಡಿದಳು, ನನ್ನನ್ನು ನೋಡಿದಳು.

"ಇಲ್ರೀ ಸರ."

ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾರೂ ನನಗೆ ಇಷ್ಟು ನಂಬಿಕೆಯಿಂದ ಉತ್ತರ ಕೊಟ್ಟಿರಲಿಲ್ಲ. ಮತ್ತೆ ಕುಳಿತೆ.