ಮುರಿಯದ ಕೊಂಬೆಗಳ ಲೆಕ್ಕ

ಆಸ್ಪತ್ರೆಯ ಅಂಕಿಸಂಖ್ಯೆ ಗುಮಾಸ್ತ ಅಂಕಿಯಣ್ಣನ ಎದುರು ‘ಅದರಿಂದಲೇ ಇದಾಯ್ತು’ ಎಂದವರು ಬಚಾವಾಗುತ್ತಿರಲಿಲ್ಲ. ಕಿಟಕಿ ಒರೆಸಿದ ದಿನವೇ ಮಳೆ ಸುರಿಯುತ್ತದೆಂದು ಆಯಾ ಗೊಣಗಿದರೆ, ಕನ್ನಡಕ ಹಣೆಗೇರಿಸಿ, “ಒರೆಸದ ದಿನ ಎಷ್ಟು ಸಲ ಸುರೀತಕ್ಕಾ, ಬರೆದಿಟ್ಟಿದ್ದೀರಾ? ಎರಡು ಒಟ್ಟಿಗೆ ಬಂದ ಮಾತ್ರಕ್ಕೆ ಒಂದು ಇನ್ನೊಂದರ ಅಪ್ಪ ಆಗಲ್ಲ” ಎನ್ನುತ್ತಿದ್ದ. ಕಾಗೆ ಕೂತು ಕೊಂಬೆ ಮುರಿದ ಗಾದೆಯನ್ನೂ ಬಿಟ್ಟವನಲ್ಲ, “ಕೂತರೂ ಮುರಿಯದ ಕೊಂಬೆ ಎಷ್ಟು?” ಎಂದು ಕೇಳುತ್ತಿದ್ದ. “ನಿಮ್ಮನ್ನ ಕಟ್ಕೊಂಡ ಮೇಲೇ ನನಗೆ ತಲೆನೋವು” ಎಂದು ಹೆಂಡತಿ ರೇಗಿದರೆ, ತಟ್ಟೆಯಿಂದ ತಲೆಯೆತ್ತದೆ, “ಮದುವೆಗೆ ಮುಂಚಿನ ಲೆಕ್ಕ ಎಲ್ಲಿ?” ಎನ್ನುವನು. “ಇವನ ಬಾಯಿ ಹೊಲಿಯೋ ಸೂಜಿ ನನ್ನ ಹತ್ರಾನೂ ಇಲ್ಲ” ಎಂದು ಬಾಲ್ಯದ ಗೆಳೆಯ ದರ್ಜಿ ನಗುತ್ತಿದ್ದ. ಆ ದರ್ಜಿಯ ಹೆಂಡತಿ ಅದೇ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದ್ದು, ಗಂಡ ಸ್ನಾನಕ್ಕೆಂದು ಮನೆಗೆ ಹೋದ ಹೊತ್ತಿನಲ್ಲಿ ತೀರಿಕೊಂಡಳು. “ನಾನು ಎದ್ದು ಹೋದೆ, ಅದಕ್ಕೇ ಅವಳೂ ಹೋದಳು” ಎನ್ನುತ್ತ ಅವನು ಎರಡು ತಿಂಗಳು ಕತ್ತರಿ ಮುಟ್ಟಲಿಲ್ಲ. ಒಂದು ಬೆಳಿಗ್ಗೆ ಅಂಕಿಯಣ್ಣ ಬಂದು ಹೊಲಿಗೆ ಯಂತ್ರದ ಮೇಲೆ ತನ್ನ ಜೇಬಿನ ಪುಸ್ತಕ ಬಿಚ್ಚಿಟ್ಟ. “ಹದಿನೇಳು ಸಲ ಎದ್ದು ಹೋಗಿದ್ದೀಯ ಕಣೋ. ಹದಿನಾರು ಸಲ ನೀನು ವಾಪಸ್ ಬಂದಾಗ ಇದ್ದಳು, ತಡವಾಯ್ತು ಅಂತ ಬೈದಳು. ನೀನು ಹೋದಾಗೆಲ್ಲ ಅವಳ ಮಂಚದ ಪಕ್ಕ ನಿನ್ನ ಸ್ಟೂಲ್ ಮೇಲೆ ಕೂತಿದ್ದವನು ನಾನೇ ಅಲ್ವಾ, ಬೈದದ್ದನ್ನೂ ಬರೆದಿಟ್ಟಿದ್ದೀನಿ.” ದರ್ಜಿ ಆ ಹದಿನಾರು ಬೈಗುಳಗಳನ್ನು ಒಂದೊಂದಾಗಿ, ಮತ್ತೆ ಮತ್ತೆ ಓದಿಸಿಕೊಂಡ.